ಸಹಿ ಬಂತು, ಓದು ಬಂತೆ?

ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಹೆಂಗಸರು ಕುಳಿತಿದ್ದಾರೆ. ನಡುವೆ, ಬೈಕಿನಲ್ಲಿ ಬಂದಿಳಿದ ತರುಣನೊಬ್ಬ ಕಾಗದದ ಕಟ್ಟು ಬಿಚ್ಚಿ ‘ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ’ ಎಂದು ಬೆರಳಿಟ್ಟು ತೋರಿಸುತ್ತಿದ್ದಾನೆ. ಒಬ್ಬೊಬ್ಬರಾಗಿ ಸಹಿ ಮಾಡುತ್ತಾರೆ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತೆಂಬ ಸಮಾಧಾನ ಅವರ ಮುಖದಲ್ಲಿದೆ. ಆದರೆ ಸಹಿಯ ಮೇಲಿರುವ ಇಪ್ಪತ್ತು ಮೂವತ್ತು ಸಾಲುಗಳಲ್ಲಿ ಏನಿದೆ ಎಂಬುದನ್ನು ಅವರಲ್ಲಿ ಹೆಚ್ಚಿನವರು ಓದಲಾರರು. ಸಾಲದ ಮೊತ್ತ ಗೊತ್ತು, ವಾರದ ಕಂತು ಗೊತ್ತು. ಬಡ್ಡಿಯನ್ನು ಯಾವ ಲೆಕ್ಕದಲ್ಲಿ ಹಾಕಿದ್ದಾರೆ, ಪಕ್ಕದಲ್ಲಿ ಕುಳಿತವಳು ಕಂತು ಕಟ್ಟದಿದ್ದರೆ ತನ್ನ ತಲೆಗೆ ಬರುವ ಹೊಣೆ ಎಷ್ಟು ಎಂಬುದು ಗೊತ್ತಿಲ್ಲ.

ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಒಂದರ ಹಿಂದೊಂದು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಯನ್ನು ಅಪರಾಧವೆಂದು ಸಾರಿತು. ಆಗಲೇಬೇಕಾಗಿದ್ದ ಕ್ರಮ ಅದು. ಸಾಲಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2022ರಲ್ಲೇ ಮಾಡಿತ್ತು. ಭಾಷೆಯೇನೋ ಅರ್ಥವಾಗುತ್ತದೆ, ಅಕ್ಷರ ಅರ್ಥವಾಗಬೇಕಲ್ಲ! ಆ ವಾರಗಳ ಚರ್ಚೆಯೆಲ್ಲ ಸಾಲ ಕೊಟ್ಟವರ ನಡತೆಯನ್ನು ಕುರಿತದ್ದಾಗಿತ್ತು. ಸಹಿ ಹಾಕಿದವಳಿಗೆ ಓದು ಬರುತ್ತಿತ್ತೇ, ಬರದಿದ್ದರೆ ಅವಳಿಗೆ ಸಹಿಯನ್ನು ಮಾತ್ರ ಕಲಿಸಿ ಕೈತೊಳೆದುಕೊಂಡವರು ಯಾರು ಎಂಬ ಪ್ರಶ್ನೆ ಕೇಳಿಬಂದಂತೆ ನನಗೆ ತೋರಲಿಲ್ಲ.

ಕೈತೊಳೆದುಕೊಂಡವರು ನಾವೇ. ಸಾಕ್ಷರತಾ ಕಾರ್ಯಕ್ರಮಗಳನ್ನು ರೂಪಿಸಿದವರು, ನಡೆಸಿದವರು, ಅವುಗಳ ಅಂಕಿಅಂಶ ಓದಿ ತಲೆದೂಗಿದ ವಿದ್ಯಾವಂತರು. ಎಷ್ಟು ಮಂದಿಗೆ ಅಕ್ಷರ ಕಲಿಸಿದೆವು ಎಂದು ಎಣಿಸುವುದರಲ್ಲಿ ನಮಗಿದ್ದ ಉತ್ಸಾಹ, ಹೇಗೆ ಕಲಿಸಿದೆವು ಎಂದು ನೋಡುವುದರಲ್ಲಿ ಇರಲಿಲ್ಲ. ವಯಸ್ಕ ಮಹಿಳೆಯ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಅಂಕಿಅಂಶಗಳನ್ನೇ ಮೊದಲು ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇ 82.47, ಮಹಿಳೆಯರದು ಶೇ 68.08. ಯಾದಗಿರಿ ಜಿಲ್ಲೆಯಲ್ಲಿ ಮಹಿಳಾ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿತ್ತು. ಏಳು ವರ್ಷ ಮೇಲ್ಪಟ್ಟವರಲ್ಲಿ ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು ಎನ್ನುತ್ತದೆ ಜನಗಣತಿ. ಆದರೆ ಗಣತಿದಾರ ಓದಿಸಿ ನೋಡುವುದಿಲ್ಲ, ಕೇಳಿ ಬರೆದುಕೊಳ್ಳುತ್ತಾನೆ. ಮನೆಯ ಹೆಂಗಸಿಗೆ ‘ಸಹಿ ಬರುತ್ತದೆ’ ಎಂದು ಯಜಮಾನ ಜಗಲಿಯಿಂದಲೇ ಹೇಳಿದರೆ ಅವಳು ಯಾವ ಕಡೆಗೆ ಸೇರುತ್ತಾಳೆಂದು ಊಹಿಸುವುದು ಕಷ್ಟವಲ್ಲ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 2009ರಲ್ಲಿ ಆರಂಭವಾದ ‘ಸಾಕ್ಷರ ಭಾರತ’ ಏಳು ಕೋಟಿ ವಯಸ್ಕರಿಗೆ ಅಕ್ಷರ ಕಲಿಸುವ ಗುರಿ ಇಟ್ಟುಕೊಂಡಿತ್ತು, ಅವರಲ್ಲಿ ಆರು ಕೋಟಿ ಮಹಿಳೆಯರು. 2018ರ ಮಾರ್ಚ್‌ನಲ್ಲಿ ಅದು ಮುಗಿಯಿತು. ಈಗಿನದು 2022ರಿಂದ 2027ರವರೆಗಿನ ‘ಉಲ್ಲಾಸ್’. ಕಲಿಸುವವರು ಸ್ವಯಂಸೇವಕರು, ನೆರವಿಗೆ ಮೊಬೈಲ್ ಆ್ಯಪ್. ಕೊನೆಗೆ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕಗಳ ಪರೀಕ್ಷೆ. ಯೋಜನೆಯ ಹೆಸರು ಬದಲಾದಷ್ಟು ಬೇಗ ಪಾಠದ ರೀತಿ ಬದಲಾಗುವುದಿಲ್ಲ ಎಂಬುದು ನನ್ನ ಅನುಭವ.

ಆ ಅನುಭವ ಬಹಳ ದೊಡ್ಡದೇನಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನದ ಗಾಳಿ ಬೀಸಿದಾಗ, ಆಗಷ್ಟೇ ಪದವಿ ಮುಗಿಸಿದ್ದ ನಾನು ಆಗಿನ ವಿಜಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೆಲವು ತಿಂಗಳು ಪಾಠ ಹೇಳಿದೆ. ಲಾಟೀನಿನ ಬೆಳಕು, ಗೋಡೆಗೆ ತೂಗುಹಾಕಿದ ವರ್ಣಮಾಲೆಯ ಪಟ. ಅ ಅರಸ, ಆ ಆನೆ, ಈ ಈಶ. ಹೊಲದಿಂದ ಬಂದು, ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸಿ ಬಂದ ಹೆಂಗಸರು ತೂಕಡಿಸುತ್ತಲೇ ನನ್ನ ಹಿಂದೆ ಹೇಳುತ್ತಿದ್ದರು. ‘ಋ’ ಎಂಬ ಅಕ್ಷರವನ್ನು ಬರೆಸಲು ನಾನು ಎರಡು ಸಂಜೆ ಹೆಣಗಿದ್ದೆ. ಮೂರನೆಯ ಸಂಜೆ ಹಿರಿಯಳೊಬ್ಬಳು ಹಲಗೆಯನ್ನು ಕೆಳಗಿಟ್ಟು ಕೇಳಿದಳು: ‘ಏ ತಂಗಿ, ಈ ಋಷಿ ನಮ್ಮೂರಾಗ ಯಾರ ಮನ್ಯಾಗ ಅದಾನ?’

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಕೆ ನಗಲಿಲ್ಲ. ಮಗಳನ್ನು ಸಿಂದಗಿಯ ಕಡೆಗೆ ಕೊಟ್ಟಿದ್ದಳು. ಒಮ್ಮೆ ಇಂಡಿಯ ಬಸ್ಸನ್ನು ಹತ್ತಿ, ನಡುದಾರಿಯಲ್ಲಿ ಇಳಿದು, ಕತ್ತಲಾಗುವವರೆಗೆ ರಸ್ತೆಯಲ್ಲಿ ಕುಳಿತಿದ್ದಳಂತೆ. ಅವಳಿಗೆ ಬೇಕಾಗಿದ್ದದ್ದು ಬಸ್ಸಿನ ಬೋರ್ಡು. ಮರುದಿನ ಪಟವನ್ನು ಸುತ್ತಿಟ್ಟು, ಹಲಗೆಯ ಮೇಲೆ ‘ಇಂಡಿ’, ‘ಸಿಂದಗಿ’ ಎಂದು ಬರೆದೆ. ಎರಡರಲ್ಲೂ ಸೊನ್ನೆಯಿದೆ, ಎರಡರಲ್ಲೂ ಇಕಾರದ ಚಿಹ್ನೆಯಿದೆ. ಆ ಚಿಹ್ನೆಗೆ ‘ಗುಡಿಸು’ ಎನ್ನುತ್ತಾರೆ ಎಂದು ಹೇಳಿದಾಗ ಮತ್ತೆ ನಗು: ‘ಗುಡಿಸೂದನ್ನೂ ನಮಗ ಕಲಸ್ತೀ ಏನ?’ ಆದರೆ ಆ ಸಂಜೆ ಯಾರೂ ತೂಕಡಿಸಲಿಲ್ಲ. ಹತ್ತು ದಿನದಲ್ಲಿ ಅವರು ಸುತ್ತಲಿನ ಹದಿನಾಲ್ಕು ಊರುಗಳ ಹೆಸರುಗಳನ್ನು ಗುರುತಿಸುತ್ತಿದ್ದರು. ಅಕ್ಷರಮಾಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಆ ಹೆಸರುಗಳಲ್ಲೇ ಬಂದುಹೋಗಿತ್ತು.

ಇದನ್ನು ನಾನು ಕಂಡುಹಿಡಿದೆನೆಂದು ಆಗ ಭಾವಿಸಿದ್ದೆ. ಬಹಳ ಮೊದಲೇ, ಜಗತ್ತಿನ ಇನ್ನೊಂದು ತುದಿಯಲ್ಲಿ, ಪಾವ್ಲೊ ಫ್ರೇರೆ ಎಂಬ ಶಿಕ್ಷಣ ಚಿಂತಕ ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದ್ದ ಎಂಬುದು ಅನಂತರ ತಿಳಿಯಿತು. 1963ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದ ಆಂಜಿಕೋಸ್ ಎಂಬ ಊರಿನಲ್ಲಿ ಆತನ ತಂಡ ಸುಮಾರು 300 ಮಂದಿ ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಿತು. ಮೊದಲು ಆ ಜನರ ಬದುಕಿನ ಮಾತುಗಳನ್ನು ಕೇಳಿಸಿಕೊಳ್ಳುವುದು, ಅವುಗಳಿಂದ ‘ಇಟ್ಟಿಗೆ’ಯಂಥ ಕೆಲವು ತಾಯಿ ಪದಗಳನ್ನು ಆರಿಸುವುದು, ಆ ಪದದ ಬಗ್ಗೆ ಮಾತನಾಡಿಸುವುದು, ಆಮೇಲೆ ಅದನ್ನು ಬಿಡಿಸಿ, ಬಿಡಿಸಿದ ತುಂಡುಗಳಿಂದ ಬೇರೆ ಪದಗಳನ್ನು ಕಟ್ಟಲು ಅವರಿಗೇ ಬಿಡುವುದು. ಆಗಿನ ಬ್ರೆಜಿಲ್‌ನಲ್ಲಿ ಓದು ಬರಹ ಬಾರದವರಿಗೆ ಮತದಾನದ ಹಕ್ಕಿರಲಿಲ್ಲ. ಕೂಲಿಕಾರರು ಓದಲು ಕಲಿತರೆ ಏನಾದೀತೆಂದು ಆಳುವವರಿಗೆ ಗೊತ್ತಿತ್ತು. 1964ರಲ್ಲಿ ಸೇನೆ ಅಧಿಕಾರ ಹಿಡಿಯಿತು, ಫ್ರೇರೆ ಸೆರೆಮನೆ ಸೇರಿದ, ಆಮೇಲೆ ದೇಶವನ್ನೇ ಬಿಡಬೇಕಾಯಿತು.

ಈ ಪದ್ಧತಿಯನ್ನು ಕನ್ನಡಕ್ಕೆ ತಂದರೆ ಹೇಗಿರುತ್ತದೆ? ‘ಕೂಲಿ’ ಎಂಬ ಪದವನ್ನು ತೆಗೆದುಕೊಳ್ಳಿ. ಮೊದಲ ಅರ್ಧ ಗಂಟೆ ಹಲಗೆ ಬಳಪದ ಸುದ್ದಿಯೇ ಇಲ್ಲ. ಗಂಡಾಳಿಗೆಷ್ಟು, ಹೆಣ್ಣಾಳಿಗೆಷ್ಟು, ಯಾಕೆ ಕಡಿಮೆ, ಕಳೆ ತೆಗೆಯುವುದು ಹಗುರ ಕೆಲಸವೆಂದು ಹೇಳಿದವರು ಎಂದಾದರೂ ಬಗ್ಗಿ ಕಳೆ ತೆಗೆದಿದ್ದಾರೆಯೇ ಎಂಬ ಮಾತುಗಳು ಬರುತ್ತವೆ. ಎಲ್ಲರ ಬಾಯಲ್ಲೂ ಇಪ್ಪತ್ತು ಸಲ ಹಾದುಹೋದ ಆ ಪದ ಹಲಗೆಯ ಮೇಲೆ ಬಂದಾಗ ಅದು ಅಪರಿಚಿತ ಗೆರೆಗಳ ಗುಂಪಾಗಿರುವುದಿಲ್ಲ. ಅದನ್ನು ಬಿಡಿಸಿದರೆ ಕ, ಲ ಎಂಬ ಎರಡು ಅಕ್ಷರ, ಎರಡು ಚಿಹ್ನೆ. ಅವುಗಳಿಂದ ಕಲಿ, ಕಾಲು, ಕಾಲ, ಕೋಲು. ಇನ್ನೊಂದು ಹೆಜ್ಜೆ ಇಟ್ಟರೆ ಕಲ್ಲು. ಹೊಸ ಪದವನ್ನು ಕಟ್ಟಿದವಳು ಟೀಚರಲ್ಲ, ಕಲಿಯುತ್ತಿರುವವಳು. ‘ಸಹಭಾಗಿ ಕಲಿಕೆ’ ಎಂಬ ಭಾರವಾದ ಹೆಸರಿನ ಒಳಗಿರುವ ಸಂಗತಿ ಇಷ್ಟು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ನಮ್ಮ ಶಾಲೆಗಳ ಕ್ರಮದಲ್ಲಿ ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಕಾಗುಣಿತ, ಎಲ್ಲ ಮುಗಿದ ಮೇಲೆ ಒತ್ತಕ್ಷರ. ಮಗುವಿಗೆ ಇದು ಸರಿಯಿರಬಹುದು, ಅದಕ್ಕೆ ವರ್ಷಗಳ ಬಿಡುವಿದೆ. ವಯಸ್ಕ ಮಹಿಳೆಗೆ ಇರುವುದು ಬಿತ್ತನೆಗೂ ಕೊಯ್ಲಿಗೂ ನಡುವಿನ ಕೆಲವು ಸಂಜೆಗಳು. ಒತ್ತಕ್ಷರದ ಪಾಠ ಬರುವ ಹೊತ್ತಿಗೆ ಮಳೆ ಬಂದು ಅರ್ಧ ತರಗತಿ ಖಾಲಿಯಾಗಿರುತ್ತದೆ. ಆದರೆ ಅವಳ ಬದುಕಿನ ಪದಗಳನ್ನು ನೋಡಿ: ಅಕ್ಕಿ, ರೊಟ್ಟಿ, ಎಣ್ಣೆ, ಹಬ್ಬ, ಬಸ್ಸು, ಬ್ಯಾಂಕು, ಆಸ್ಪತ್ರೆ. ಒತ್ತಕ್ಷರವಿಲ್ಲದೆ ಅವಳ ಅಡುಗೆಮನೆಯೂ ನಡೆಯುವುದಿಲ್ಲ. ಅಷ್ಟೇಕೆ, ಅವಳ ಹೆಸರೇ ಯಲ್ಲವ್ವ, ಶಾಂತಮ್ಮ, ನಾಗಕ್ಕ! ನಮ್ಮ ಹಳ್ಳಿಗಳಲ್ಲಿ ಹೆಣ್ಣಿನ ಹೆಸರು ಅವ್ವ, ಅಮ್ಮ, ಅಕ್ಕ ಎಂದೇ ಮುಗಿಯುತ್ತದೆ, ಅಂದರೆ ಒತ್ತಕ್ಷರದಲ್ಲೇ ಮುಗಿಯುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಅವಳು ಎಲ್ಲಕ್ಕಿಂತ ಕೊನೆಯಲ್ಲಿ ಓದಲು ಕಲಿಯುವ ಪದ ಅವಳ ಹೆಸರು.

ಹಾಗಾದರೆ ಸಹಿ ಹೇಗೆ ಬಂತು? ಚಿತ್ರದಂತೆ ಬಂತು. ಬ್ಯಾಂಕಿನ ಕಾಗದಕ್ಕೆ, ಸಂಘದ ನಡಾವಳಿ ಪುಸ್ತಕಕ್ಕೆ ಬೇಕೆಂದು ಅವಸರದಲ್ಲಿ ನಾಲ್ಕು ಗೆರೆಗಳನ್ನು ತಿದ್ದಿಸಿದರು, ಅವಳು ಬಾಯಿಪಾಠ ಮಾಡಿದಂತೆ ಕೈಪಾಠ ಮಾಡಿಕೊಂಡಳು. ಅದೇ ‘ಮ್ಮ’ ಅಕ್ಷರ ಪಕ್ಕದವಳ ಹೆಸರಿನಲ್ಲಿ ಬಂದರೆ ಗುರುತು ಹತ್ತುವುದಿಲ್ಲ. ಹೆಬ್ಬೆಟ್ಟಿನವರಿಗಿಂತ ಇವರ ಸ್ಥಿತಿ ಒಂದು ರೀತಿಯಲ್ಲಿ ಹೆಚ್ಚು ಅಪಾಯದ್ದು. ಹೆಬ್ಬೆಟ್ಟು ಒತ್ತುವವಳಿಗೆ ಕಾಗದವನ್ನು ಓದಿ ಹೇಳಬೇಕೆಂಬ ಸಂಕೋಚವಾದರೂ ಎದುರಿಗಿದ್ದವನಿಗೆ ಇರುತ್ತದೆ. ಸಹಿ ಮಾಡಿದವಳು ಓದಿಯೇ ಮಾಡಿದ್ದಾಳೆ ಎಂದು ಲೋಕ ನಂಬುತ್ತದೆ, ಕಾನೂನೂ ನಂಬುತ್ತದೆ.

ಲೆಕ್ಕದ ಪಾಠದ ಕತೆ ಇನ್ನೂ ವಿಚಿತ್ರ. ಅಕ್ಷರ ಬಾರದ ಹೆಂಗಸಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಓಡಿಸಿ ಡಜನ್ನುಗಟ್ಟಲೆ ಎಣಿಸುತ್ತಾಳೆ. ಸೇರು, ಪಾವು, ಚಟಾಕು ಹೋಗಿ ಕಿಲೋ ಬಂದರೂ ಎರಡನ್ನೂ ಮನಸ್ಸಿನಲ್ಲೇ ಅದಲು ಬದಲು ಮಾಡುತ್ತಾಳೆ. ಸಂತೆಯಲ್ಲಿ ಚಿಲ್ಲರೆ ತಪ್ಪುವುದಿಲ್ಲ. ಅವಳನ್ನು ಕೂರಿಸಿ ‘ಒಂದು ಎರಡು’ ಬರೆಸುವುದರಿಂದ ಆರಂಭಿಸುವುದು ಅವಮಾನ. ಅವಳಲ್ಲಿರುವ ಲೆಕ್ಕವನ್ನು ಕಾಗದದ ಲೆಕ್ಕಕ್ಕೆ ಜೋಡಿಸುವುದೇ ನಿಜವಾದ ಪಾಠ.

ಅಂಥದೊಂದು ಪಾಠವನ್ನು ನಾನು ಕೆಲವು ವರ್ಷಗಳ ಹಿಂದೆ ಒಂದು ಸಂಘದಲ್ಲಿ ನೋಡಿದೆ. ಹತ್ತು ಸಾವಿರ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ, ಐವತ್ತು ವಾರದ ಕಂತು, ವಾರಕ್ಕೆ 224 ರೂಪಾಯಿ. ಕಲಿಸುವಾಕೆ ಐವತ್ತು ಕಡಲೆಕಾಳುಗಳನ್ನು ನೆಲದ ಮೇಲಿಟ್ಟಳು. ಒಂದೊಂದು ಕಾಳು 200 ರೂಪಾಯಿ ಅಸಲು. ವಾರಕ್ಕೊಂದರಂತೆ ಹೆಂಗಸರು ತೆಗೆಯುತ್ತ ಹೋದರು. ಇಪ್ಪತ್ತೈದನೆಯ ಕಾಳು ತೆಗೆದಾಗ ಆಕೆ ನಿಲ್ಲಿಸಿ ಕೇಳಿದಳು: ‘ಈಗ ನಿಮ್ಮ ಹತ್ತಿರ ಎಷ್ಟು ಸಾಲ ಉಳಿದಿದೆ? ಬಡ್ಡಿ ಎಷ್ಟರ ಮೇಲೆ ಹಾಕುತ್ತಿದ್ದಾರೆ?’ ಉಳಿದದ್ದು ಐದು ಸಾವಿರ, ಬಡ್ಡಿ ಮಾತ್ರ ಹತ್ತು ಸಾವಿರದ ಮೇಲೆಯೇ. ಹನ್ನೆರಡು ಎಂದು ಹೇಳಿದ ಬಡ್ಡಿ ನಿಜದಲ್ಲಿ ಹೆಚ್ಚುಕಡಿಮೆ ಇಮ್ಮಡಿ ಎಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬಾಕೆ ಸೆರಗಿನ ಗಂಟಿನಿಂದ ತನ್ನ ಸಾಲದ ಕಾರ್ಡನ್ನು ತೆಗೆದು, ‘ಇದರಾಗ ಬಡ್ಡಿ ಎಲ್ಲಿ ಬರ್ದಾರ, ತೋರಸ್ರೀ’ ಎಂದಳು. ಅಂದಿನ ಓದಿನ ಪಾಠ ಅಲ್ಲಿಂದ ಆರಂಭವಾಯಿತು.

ಹೀಗೆ ಕಾಳು, ಕಡ್ಡಿ, ನೆಲದ ಮೇಲಿನ ನಕ್ಷೆಗಳ ಮೂಲಕ ಕಲಿಸುವ ‘ರಿಫ್ಲೆಕ್ಟ್’ ಎಂಬ ವಿಧಾನವನ್ನು 1993ರಿಂದ 1995ರವರೆಗೆ ಉಗಾಂಡ, ಬಾಂಗ್ಲಾದೇಶ ಮತ್ತು ಎಲ್ ಸಾಲ್ವಡಾರ್‌ಗಳಲ್ಲಿ ಆ್ಯಕ್ಷನ್ ಏಡ್ ಸಂಸ್ಥೆ ಪ್ರಯೋಗಿಸಿತು. ಅದರಲ್ಲಿ ಸಿದ್ಧ ಪ್ರೈಮರ್ ಇಲ್ಲ. ಕಲಿಯುವವರೇ ಊರಿನ ನಕ್ಷೆ ಬಿಡಿಸುತ್ತಾರೆ, ವರ್ಷದ ಕೆಲಸದ ಪಟ್ಟಿ ಮಾಡುತ್ತಾರೆ, ಅದಕ್ಕೆ ಹೆಸರು ಬರೆಯುತ್ತ ಅಕ್ಷರ ಕಲಿಯುತ್ತಾರೆ. ಬೆಳಗಾದರೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ನಮ್ಮ ಹೆಂಗಸರಿಗೆ ಇದೇನೂ ಹೊಸದಲ್ಲ. ‘ವಯಸ್ಸಾದವರಿಗೆ ಬೆರಳು ಬಗ್ಗುವುದಿಲ್ಲ’ ಎಂದು ಗೊಣಗುವ ಶಿಕ್ಷಕರು ಆ ರಂಗೋಲಿಗಳನ್ನೊಮ್ಮೆ ನೋಡಬೇಕು.

ಆದರೆ ನಕ್ಷೆ ನಿರಪಾಯಕಾರಿಯಲ್ಲ. ನೆಲದ ಮೇಲೆ ಊರು ಮೂಡಿದಾಗ ಬೋರ್‌ವೆಲ್ ಯಾವ ಕೇರಿಯಲ್ಲಿದೆ, ಯಾವ ಕೇರಿಯಲ್ಲಿಲ್ಲ, ಬೀದಿದೀಪ ಎಲ್ಲಿಗೆ ನಿಂತಿದೆ ಎಂಬುದೂ ಮೂಡುತ್ತದೆ. ದಲಿತ ಕೇರಿಯ ಹೆಣ್ಣುಮಗಳು ಅದನ್ನು ಬೆರಳಿಟ್ಟು ತೋರಿಸಿದ ಮೇಲೆ ತರಗತಿ ಬರಿಯ ತರಗತಿಯಾಗಿ ಉಳಿಯುವುದಿಲ್ಲ. ಋಷಿಯ ಪಾಠಕ್ಕೆ ಯಾವ ಊರಿನ ಮುಖಂಡನೂ ಅಡ್ಡಿ ಮಾಡುವುದಿಲ್ಲ. ಬೋರ್‌ವೆಲ್ಲಿನ ಪಾಠಕ್ಕೆ ಮಾಡುತ್ತಾನೆ.

ನೆಲ್ಲೂರು ಜಿಲ್ಲೆಯಲ್ಲಿ ನಡೆದದ್ದು ಇದರ ಅತ್ಯಂತ ದೊಡ್ಡ ಉದಾಹರಣೆ. ಅಲ್ಲಿನ ಸಾಕ್ಷರತಾ ಆಂದೋಲನದ ಪಠ್ಯದಲ್ಲಿ ಸಾರಾಯಿ ಅಂಗಡಿಯನ್ನು ಮುಚ್ಚಿಸಿದ ಮಹಿಳೆಯ ಕತೆಯೊಂದಿತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ, ಚರ್ಚಿಸಿ, ನಮ್ಮೂರಲ್ಲೇಕೆ ಆಗಬಾರದು ಎಂದು ಎದ್ದರು. 1992ರಲ್ಲಿ ಕಿಡಿ ಜಿಲ್ಲೆಯಿಡೀ ಹಬ್ಬಿತು, ಸಾರಾಯಿ ಹರಾಜು ನಡೆಸುವುದೇ ದುಸ್ತರವಾಯಿತು. 1993ರಲ್ಲಿ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ಣ ಪಾನನಿಷೇಧ ಬಂತು. ಅದನ್ನು 1997ರಲ್ಲಿ ತೆಗೆದುಹಾಕಿದ್ದು ಬೇರೆ ಮಾತು. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಂತಿತಾದರೂ ಬೇರೆ ಮದ್ಯ ಹಳ್ಳಿಗಳಿಗೆ ನುಗ್ಗಿತು, 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಕಾಲ್ನಡಿಗೆಯಲ್ಲೇ ಬರಬೇಕಾಯಿತು. ಪಾಠವೊಂದು ಖಜಾನೆಗೆ ಇಷ್ಟು ದುಬಾರಿಯಾಗಬಲ್ಲದೆಂದು ನೆಲ್ಲೂರಿಗೆ ಮುನ್ನ ಯಾವ ಸರ್ಕಾರ ತಾನೇ ಎಣಿಸಿದ್ದೀತು?

ಕರ್ನಾಟಕಕ್ಕೆ ಈ ಬಗೆಯ ಕಲಿಕೆ ಹೊಸತಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಇಲ್ಲಿ ವಿಜಾಪುರ, ಬೀದರ್ ಮತ್ತು ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬಳು ಸಹಯೋಗಿನಿ. ಅವಳು ಹಲಗೆ ಹಿಡಿದು ಹೋಗುತ್ತಿರಲಿಲ್ಲ, ಮಾತನಾಡಲು ಹೋಗುತ್ತಿದ್ದಳು. ಸಂಘ ಕಟ್ಟಿ, ಪಡಿತರ, ಕೂಲಿ, ಹೊಡೆಯುವ ಗಂಡ, ಬಾಲ್ಯವಿವಾಹಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚೆಯಾದ ಮೇಲೆ, ತಹಸೀಲ್ದಾರರ ಕಚೇರಿಗೆ ಅರ್ಜಿ ಬರೆಯಬೇಕಾಗಿ ಬಂದಾಗ ಹೆಂಗಸರೇ ಅಕ್ಷರವನ್ನು ಕೇಳುತ್ತಿದ್ದರು. ಇದೇ ಕಾರ್ಯಕ್ರಮ ಉತ್ತರಪ್ರದೇಶದ ಬಾಂದಾದಲ್ಲಿ ಮಹಿಳೆಯರಿಗೆ ಕೈಪಂಪು ದುರಸ್ತಿ ಕಲಿಸಿತು, ದುರಸ್ತಿಯ ದಾಖಲೆ ಇಡಬೇಕಾಗಿ ಬಂದಾಗ ಅವರು ಓದು ಬೇಕೆಂದರು. ಅಲ್ಲಿ ಹೊಸದಾಗಿ ಅಕ್ಷರ ಕಲಿತವರು ಸೇರಿ ಹೊರಡಿಸಿದ ಪುಟ್ಟ ಪತ್ರಿಕೆಯ ಪರಂಪರೆಯಲ್ಲೇ 2002ರಲ್ಲಿ ‘ಖಬರ್ ಲಹರಿಯಾ’ ಪತ್ರಿಕೆ ಬಂತು. ಅದರ ವರದಿಗಾರ್ತಿಯರನ್ನು ಕುರಿತ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದನ್ನು ಸಾಧ್ಯವಾಗಿಸಿದ ನೆಲಗಟ್ಟು ಆ ಹೊತ್ತಿಗಾಗಲೇ ಕುಸಿದಿತ್ತು. ಮಹಿಳಾ ಸಮಖ್ಯಾಕ್ಕೆ ಕೇಂದ್ರದ ನೆರವು 2016ರ ವೇಳೆಗೆ ನಿಂತುಹೋಯಿತು.

ಈ ವಿಧಾನದ ಗುಣವನ್ನಷ್ಟೇ ಹೇಳಿದರೆ ಪ್ರಾಮಾಣಿಕತೆಯಾಗದು. ಚರ್ಚೆಯ ರುಚಿ ಹತ್ತಿದ ಎಷ್ಟೋ ತರಗತಿಗಳಲ್ಲಿ ಅಕ್ಷರ ಹಿಂದೆ ಬಿತ್ತು. ಓದು ಎಂಬುದು ಕೊನೆಗೂ ಅಭ್ಯಾಸ. ಒಂದೇ ಪದವನ್ನು ಐವತ್ತು ಸಲ ನೋಡದೆ ಕಣ್ಣು ಪಳಗುವುದಿಲ್ಲ. ಸಹಯೋಗಿನಿಯರಲ್ಲಿ ಮಾತಿನಲ್ಲಿ ನಿಪುಣರಾಗಿ, ತಿದ್ದಿಸುವುದರಲ್ಲಿ ಬೇಸರಪಡುತ್ತಿದ್ದವರೂ ಇದ್ದರು. ಇನ್ನು ‘ಸಹಭಾಗಿತ್ವ’ ಎಂಬ ಪದ ಸರ್ಕಾರಿ ಸುತ್ತೋಲೆಗಳಿಗೆ ಇಳಿದ ಮೇಲೆ, ಅಧಿಕಾರಿ ಬರುವ ದಿನ ರಂಗೋಲಿ ಪುಡಿಯಲ್ಲಿ ನಕ್ಷೆ ಬಿಡಿಸಿ ಫೋಟೊ ತೆಗೆದು ಅಳಿಸಿಹಾಕುವುದೂ ಒಂದು ಪದ್ಧತಿಯಾಯಿತು. ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕೆಲವು ಮಹಿಳೆಯರ ತಕರಾರು: ‘ನಮ್ಮ ಮಕ್ಕಳಿಗೆ ಸಾಲ್ಯಾಗ ಹೆಂಗ ಕಲಸ್ತಾರ, ಹಂಗ ಕಲಸ್ರಿ. ಈ ಕಾಳು ಕಡ್ಡಿ ಆಟ ನಮಗ್ಯಾಕ?’ ಶಾಲೆಯ ಮೆಟ್ಟಿಲು ಹತ್ತಲು ಬಿಡದ ಬಾಲ್ಯ ಅವರದು. ಅ ಆ ಇ ಈ ಎಂದು ಸಾಲಾಗಿ ಹೇಳುವುದರಲ್ಲಿ ಅವರಿಗೆ ತಪ್ಪಿಹೋದದ್ದನ್ನು ಪಡೆಯುವ ತೃಪ್ತಿಯಿತ್ತು. ಕಲಿಯುವವಳ ಮಾತಿಗೆ ಬೆಲೆ ಕೊಡಬೇಕೆನ್ನುವ ವಿಧಾನ ಈ ಮಾತಿಗೂ ಬೆಲೆ ಕೊಡಬೇಕಾಗುತ್ತದೆ. ವರ್ಣಮಾಲೆಯ ಪಟ ಗೋಡೆಯ ಮೇಲಿರಲಿ, ಪಾಠ ಅಲ್ಲಿಂದಲೇ ಆರಂಭವಾಗಬೇಕೆಂಬ ಹಟ ಬೇಡ.

ಈಗಿನ ‘ಉಲ್ಲಾಸ್’ ಯೋಜನೆಯ ಬಗ್ಗೆ ನನಗಿರುವ ಆತಂಕ ಆ್ಯಪ್‌ನ ಬಗ್ಗೆಯಲ್ಲ. ಫೋನು ಹಳ್ಳಿಯ ಹೆಣ್ಣುಮಗಳ ಕೈಗೂ ಬಂದಿದೆ, ಅದು ಒಳ್ಳೆಯ ಹಲಗೆಯೇ. ಆತಂಕವಿರುವುದು ಸ್ವಯಂಸೇವೆಯ ಮೇಲೆ ಎಲ್ಲ ಭಾರವನ್ನೂ ಹೊರಿಸುವ ಬಗ್ಗೆ. ಊರಿನ ಮಾತು ಕೇಳಿಸಿಕೊಂಡು, ಯಾವ ಪದದಿಂದ ಆರಂಭಿಸಬೇಕೆಂದು ನಿರ್ಧರಿಸಿ, ಬೋರ್‌ವೆಲ್ಲಿನ ಪಾಠಕ್ಕೆ ಅಡ್ಡಿ ಬಂದಾಗ ನಿಲ್ಲಬಲ್ಲ ಶಿಕ್ಷಕಿ ಪುಕ್ಕಟೆ ಸಿಗುವುದಿಲ್ಲ. ಅವಳಿಗೆ ತರಬೇತಿ ಬೇಕು, ಗೌರವವಾಗಿ ಬದುಕುವಷ್ಟು ಸಂಬಳ ಬೇಕು, ವರ್ಷಗಟ್ಟಲೆ ಅದೇ ಊರಿನಲ್ಲಿ ಇರಬೇಕು. ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಶಿಕ್ಷಕರೇ ಆಗಬೇಕೆನ್ನುವ ನಾವು, ಅವರ ತಾಯಂದಿರಿಗೆ ಮಾತ್ರ ಯಾರು ಕಲಿಸಿದರೂ ಸಾಕು ಎನ್ನುವುದರ ತರ್ಕವೇನು?

ಕಲಿತ ಮೇಲೆ ಓದುವುದಾದರೂ ಏನನ್ನು? 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾದವು. ಮಕ್ಕಳಿಗೆ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಯುವಕರಿಗೆ ಅವು ವರವಾಗಿವೆ. ನಾನು ನೋಡಿದ ಕಡೆಗಳಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಅಲ್ಲಿ ಕುಳಿತು ಓದುವುದನ್ನು ಕಾಣಲಿಲ್ಲ. ಅವಳಿಗೆ ಬಿಡುವಾಗುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ತೆರೆದಿದ್ದರೂ ದೊಡ್ಡಕ್ಷರದ, ಸಣ್ಣ ವಾಕ್ಯದ, ಆದರೆ ಮಕ್ಕಳ ಕತೆಯಲ್ಲದ ಪುಸ್ತಕ ಅಲ್ಲಿಲ್ಲ. ಕಲಿತ ಅಕ್ಷರ ಎರಡು ವರ್ಷ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ, ಅವಳು ಮತ್ತೆ ಅದೇ ಚಿತ್ರದಂಥ ಸಹಿಗೆ ಮರಳುತ್ತಾಳೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಒಂಟಿಯಾಗಿ ತಾಲ್ಲೂಕು ದಾಟದವರೂ ದೇವರಿಗೆ, ತವರಿಗೆ, ದೊಡ್ಡಾಸ್ಪತ್ರೆಗೆ ಹೊರಟಿದ್ದಾರೆ. ಗೃಹಲಕ್ಷ್ಮಿಯ ಹಣಕ್ಕಾಗಿ ಬ್ಯಾಂಕಿಗೆ ಹೋಗುತ್ತಿದ್ದಾರೆ. ಬಸ್ಸಿನ ಬೋರ್ಡು, ಪಾಸ್‌ಬುಕ್ಕಿನ ಸಾಲು, ಫೋನಿಗೆ ಬರುವ ಸಂದೇಶ: ಓದಬೇಕೆಂಬ ಹಸಿವು ಹುಟ್ಟಲು ಇದಕ್ಕಿಂತ ಒಳ್ಳೆಯ ಕಾಲ ನಮ್ಮ ರಾಜ್ಯದಲ್ಲಿ ಹಿಂದೆ ಬಂದಿರಲಿಲ್ಲ. ‘ಉಲ್ಲಾಸ್’ ಯೋಜನೆಯ ನಂತರದ ಕರಡನ್ನು ಬರೆಯುವವರು ಗುರಿಯ ಸಂಖ್ಯೆಯನ್ನು ಬೇಕಾದರೆ ಅರ್ಧಕ್ಕಿಳಿಸಲಿ, ಶಿಕ್ಷಕಿಗೆ ಸಂಬಳವನ್ನಂತೂ ಸೇರಿಸಲಿ. ಪರೀಕ್ಷೆಯ 150 ಅಂಕಗಳಲ್ಲಿ ಐವತ್ತನ್ನಾದರೂ ಕಲಿಯುವವಳು ತನ್ನ ಮನೆಯಿಂದಲೇ ತರುವ ಕಾಗದಗಳಿಗೆ ಮೀಸಲಿಡಲಿ: ಪಡಿತರದ ರಸೀದಿ, ಮಾತ್ರೆಯ ಚೀಟಿ, ಕೂಲಿಯ ಹಾಜರಿ ಪಟ್ಟಿ, ಸಾಲದ ಕಾರ್ಡು. ಬಡ್ಡಿ ಎಷ್ಟೆಂದು ಬರೆದಿರುವ ಸಾಲಿನ ಮೇಲೆ ಅವಳು ಬೆರಳಿಟ್ಟು ತೋರಿಸಿದರೆ ಪಾಸು. ಆ ಸಾಲು ಕಾರ್ಡಿನಲ್ಲಿ ಇಲ್ಲವೇ ಇಲ್ಲ ಎಂದು ಅವಳು ಕಂಡುಹಿಡಿದರೆ ಪೂರ್ತಿ ಐವತ್ತೂ ಅವಳಿಗೇ.